119ನೇ ಕೀರ್ತನೆ ಕೈಬರಹ: ಚಾದೆ ಭಾಗದ ತನಕ ಬಂತು

ಬೈಬಲಿನ ಅತಿ ಉದ್ದದ ಅಧ್ಯಾಯ 119ನೇ ಕೀರ್ತನೆ. 176 ವಚನ. ಅದನ್ನು ಕೈಯಲ್ಲಿ ಬರೆದು ಬಾಯಿಪಾಠ ಮಾಡುವ ಕೆಲಸ ಈಗ 144ನೇ ವಚನಕ್ಕೆ, ಅಂದರೆ ಚಾದೆ ಎಂಬ ಹೀಬ್ರೂ ಅಕ್ಷರದ ಭಾಗದ ಕೊನೆಗೆ ಮುಟ್ಟಿದೆ. ನಮ್ಮ ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಕೊಂಕಣಿಯಲ್ಲಿ, ಕುಂಬಳೆ ಪೇಟೆಯಲ್ಲಿ ಮಾತು ತುಳು, ಮಲಯಾಳ. ಆದರೆ ನಾನು ಅಕ್ಷರ ಕಲಿತದ್ದು ಕನ್ನಡದಲ್ಲಿ. ಹಾಗಾಗಿ ಬರೆಯುವುದೂ ಕನ್ನಡದಲ್ಲೇ.

ಈ ಕೀರ್ತನೆಯ ಕಟ್ಟು ಚಂದ. ಹೀಬ್ರೂವಿನ 22 ಅಕ್ಷರಕ್ಕೆ 22 ಭಾಗ, ಒಂದೊಂದರಲ್ಲಿ ಎಂಟು ವಚನ. ಮೂಲದಲ್ಲಿ ಆಲೆಫ್ ಭಾಗದ ಎಂಟೂ ವಚನ ಆಲೆಫ್‌ನಿಂದಲೇ ಶುರುವಾಗುತ್ತವೆ, ಬೇತ್ ಭಾಗದವು ಬೇತ್‌ನಿಂದ. ಕನ್ನಡದಲ್ಲಿ ಆ ಅನುಕೂಲ ಇಲ್ಲ. ಎಂಟೆಂಟರ ಗುಂಪು ಮಾತ್ರ ಉಳಿದಿದೆ. ಒಂದು ಪುಟಕ್ಕೆ ಒಂದು ಗುಂಪು, ಸಾಕು.

ಮೊದಲು ಜೋರಾಗಿ ಓದುತ್ತೇನೆ. ಬಲಪುಟದಲ್ಲಿ ಬರೆಯುತ್ತೇನೆ. ಮತ್ತೆ ಪುಸ್ತಕ ಮುಚ್ಚಿ ಹೇಳಿ ನೋಡುತ್ತೇನೆ. ಇಲ್ಲೇ ಕಷ್ಟ. ಹೆಚ್ಚುಕಡಿಮೆ ಎಲ್ಲ ವಚನದಲ್ಲೂ ಆಜ್ಞೆ, ವಿಧಿ, ಕಟ್ಟಳೆ, ವಾಕ್ಯ ಅಂತ ಏನಾದರೊಂದು ಇದ್ದೇ ಇರುತ್ತದೆ. ಯಾವುದು ಎಲ್ಲಿ ಅಂತ ತಲೆ ಕೆಡುತ್ತದೆ. ಎಡಪುಟ ಖಾಲಿ. ತೋಟದಲ್ಲಿ ಏನಾದರೂ ಹೊಳೆದರೆ ಸಂಜೆ ಅಲ್ಲಿ ಬರೆಯಲಿಕ್ಕೆ. ಉಪದೇಶ ಬರೆಯಬಾರದು, ಅದೊಂದು ನಿಯಮ.

ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಕೆಲಸ ನಿಧಾನ ಆಯಿತು. ಕಾಗದ ಥಂಡಿ ಹಿಡಿದು ಶಾಯಿ ಹರಡುತ್ತಿತ್ತು, ಬಾಲ್ ಪೆನ್ ಹಿಡಿದೆ. ಮಳೆ ಬಿಡಲಿಲ್ಲ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಆಗಲಿಲ್ಲ. ಆ ಮದ್ದು, ಬೋರ್ಡೋ ದ್ರಾವಣ, ಒಣಗಲು ಸ್ವಲ್ಪವಾದರೂ ಬಿಸಿಲು ಬೇಕಲ್ಲ. ಕೊಳೆರೋಗ ಹಿಡಿಯಿತು, ಹಸಿ ಅಡಿಕೆ ಬುಡದಲ್ಲಿ ರಾಶಿ. ಆಗ ಬರೆಯುತ್ತಿದ್ದದ್ದು ಕಾಫ್ ಭಾಗ. ಅದರ 83ನೇ ವಚನದಲ್ಲಿ, ಹೊಗೆಯಲ್ಲಿಟ್ಟ ತೊಗಲಿನ ಚೀಲದ ಹಾಗೆ ಆಗಿಹೋಗಿದ್ದೇನೆ, ಆದರೂ ನಿನ್ನ ವಿಧಿಗಳನ್ನು ಮರೆತಿಲ್ಲ ಅನ್ನುತ್ತಾನೆ ಕೀರ್ತನೆಗಾರ. ಒಲೆ ಮೇಲಿನ ಅಟ್ಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲಿಗೆ ದೀಪ ಅನ್ನುವ 105 ವಾಟ್ಸಾಪ್ ಸ್ಟೇಟಸ್‌ನಲ್ಲಿ ಯಾವಾಗಲೂ ಕಾಣುತ್ತದೆ. 83 ಹಾಕಿದವರನ್ನು ನಾನು ಕಂಡಿಲ್ಲ.

ಅಲ್ಲಿಂದ ಇನ್ನೊಂದು ಕೆಲಸ ಸೇರಿಕೊಂಡಿತು. ಖುಷಿಯ ಮಾತಿಗೆ ಕೆಂಪು ಗೆರೆ, ಸಂಕಟದ ಮಾತಿಗೆ ಹಸಿರು. ಹಿಂದಿನ ಪುಟಗಳಲ್ಲೂ ಎಳೆದೆ. 24ನೇ ವಚನ ಕೆಂಪು. ಅದರ ಬೆನ್ನಿಗೇ 25ರಲ್ಲಿ ಪ್ರಾಣ ಧೂಳಿಗೆ ಅಂಟಿಕೊಂಡಿದೆ, ಹಸಿರು. 92ರಲ್ಲಿ ಎರಡೂ ಒಟ್ಟಿಗೆ: ನಿನ್ನ ಧರ್ಮಶಾಸ್ತ್ರ ನನಗೆ ಆನಂದ ಆಗದಿದ್ದರೆ ಕಷ್ಟದಲ್ಲಿ ಹಾಳಾಗಿ ಹೋಗುತ್ತಿದ್ದೆ. ಈಗ ಮುಗಿಸಿದ ಚಾದೆಯಲ್ಲಿ 143 ಕೂಡ ಹಾಗೇ. ಸಂಕಟ ಹಿಡಿದುಕೊಂಡಿದೆ, ಆದರೂ ನಿನ್ನ ಆಜ್ಞೆಗಳಲ್ಲೇ ನನಗೆ ಖುಷಿ. ಕಷ್ಟ ಮುಗಿಯಲಿ, ಆಮೇಲೆ ಸಂತೋಷಪಡುತ್ತೇನೆ ಅಂತ ಈ ಮನುಷ್ಯ ಕಾಯುತ್ತಾ ಕೂತಿಲ್ಲ.

ಅಡಿಕೆ ಹೆಕ್ಕುವಾಗ 92 ತಾನಾಗಿ ಬಾಯಿಗೆ ಬರುತ್ತಿತ್ತು. ಬೇಜಾರು ಹೋಗಲಿಲ್ಲ. ನಷ್ಟ ನಷ್ಟವೇ. ಆದರೆ ಅದರ ಪಕ್ಕದಲ್ಲಿ ಒಂದು ಖುಷಿಯೂ ಇತ್ತು. ಹಬ್ಬದ ಖುಷಿ ರಾತ್ರಿಯೊಳಗೆ ಇಳಿದುಹೋಗುತ್ತದೆ, ಇದು ಮರುದಿನ ತೋಟಕ್ಕೆ ಇಳಿಯುವಾಗಲೂ ಇತ್ತು. ದೇವರು ಕೊಟ್ಟದ್ದು ಅಂತಲೇ ನನ್ನ ನಂಬಿಕೆ.

ಸೆಪ್ಟೆಂಬರಿನ ಎಡಪುಟದಲ್ಲಿ ಬರೆದದ್ದು: 8ಕ್ಕೆ ಮೊಂತಿ ಹಬ್ಬ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟು, ಹೊಸ ತೆನೆ, ಹೊಸ ಅಕ್ಕಿಯ ಊಟ. ವಾರ ಕಳೆದು 15ಕ್ಕೆ ಅವರದೇ ಶೋಕದ ನೆನಪು. ನಮ್ಮ ಊರು ಬೇಳದ ಇಗರ್ಜಿ (ಚರ್ಚ್) ಇರುವುದೂ ಶೋಕಮಾತೆಯ ಹೆಸರಿನಲ್ಲಿ. ಇಷ್ಟು ವರ್ಷ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿದ್ದೆ.

ಇನ್ನು ಕೋಫ್, ರೇಷ್, ಶಿನ್, ತಾವ್ ಬಾಕಿ. ಕೊನೆಯ 176ನ್ನು ಮುಂಚಿತವಾಗಿ ಓದಿಬಿಟ್ಟೆ, ತಡೆಯಲಾಗಲಿಲ್ಲ. ಇಷ್ಟೆಲ್ಲ ಹೇಳಿದವನು ಅಲ್ಲಿ ತಪ್ಪಿಹೋದ ಕುರಿ ನಾನು, ನನ್ನನ್ನು ಹುಡುಕು ಅನ್ನುತ್ತಾನೆ. ಅದಕ್ಕೆ ಕೆಂಪೋ ಹಸಿರೋ ಇನ್ನೂ ತೀರ್ಮಾನ ಆಗಿಲ್ಲ. ಸದ್ಯಕ್ಕೆ ಪೆನ್ಸಿಲ್.