ನಾಲ್ಕನೆಯ ಹೆಸರು

2024ರ ಏಪ್ರಿಲ್ 25ರ ಸಂಜೆ, ಡೆಟ್ರಾಯಿಟ್‌ನಲ್ಲಿ ನಡೆದ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್ ಲೀಗಿನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ) ಮೊದಲ ಮೂರು ತಂಡಗಳೂ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ಗಳನ್ನೇ ಆರಿಸಿಕೊಂಡಾಗ, ಫೀನಿಕ್ಸ್‌ನ ನಮ್ಮ ಪಕ್ಕದ ಮನೆಯ ಹಜಾರದಲ್ಲಿ ಟಿವಿಯ ಮುಂದೆ ಕುಳಿತಿದ್ದವರೆಲ್ಲ ಉಸಿರು ಬಿಗಿಹಿಡಿದಿದ್ದೆವು. ನಾಲ್ಕನೆಯ ಸರದಿಯಲ್ಲಿ ನಮ್ಮ ಅರಿಜೋನಾ ಕಾರ್ಡಿನಲ್ಸ್, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ, ಓಡಿ ಚೆಂಡು ಹಿಡಿಯುವ ವೈಡ್ ರಿಸೀವರ್ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಅವರನ್ನು ಆರಿಸಿಕೊಂಡಿತು. ಮನೆಯ ಹಿರಿಯರು ಮಾತಿಲ್ಲದೆ ಒಳಗೆದ್ದು ಹೋಗಿ, ಅಂಕಿಗಳು ಬಿರುಕುಬಿಟ್ಟು ಅಂಚು ಸವೆದಿದ್ದ 11ನೇ ಸಂಖ್ಯೆಯ ಕೆಂಪು ಜೆರ್ಸಿಯನ್ನು ತೊಟ್ಟು ಬಂದರು.

ಅದು ಲ್ಯಾರಿ ಫಿಟ್ಜ್‌ಜೆರಾಲ್ಡ್ ಅವರ ಸಂಖ್ಯೆ. 2004ರ ಡ್ರಾಫ್ಟ್‌ನಲ್ಲಿ ಮೂರನೆಯವರಾಗಿ ಬಂದ ಅವರು, 17 ಋತುಗಳನ್ನು ಇದೊಂದೇ ತಂಡಕ್ಕೆ ಆಡಿ 1,432 ಬಾರಿ ಚೆಂಡು ಹಿಡಿದರು. ಸರಿಯಾಗಿ ಇಪ್ಪತ್ತು ವರ್ಷಗಳ ನಂತರ ಬಂದಿರುವ ಈ ಹುಡುಗನಲ್ಲಿ ಊರು ಅವರನ್ನೇ ಹುಡುಕುತ್ತದೆ. ಜೊತೆಗೆ, 2002ರಲ್ಲಿ ಒಂದೇ ಋತುವಿನಲ್ಲಿ 143 ಬಾರಿ ಚೆಂಡು ಹಿಡಿದ ಅಪ್ಪನ ಹೆಸರೂ ಅವನ ಬೆನ್ನ ಮೇಲಿದೆ.

2023ರ ಋತುವಿನ 17 ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದ ತಂಡದ ಅಭಿಮಾನಿಗಳಿಗೆ ಆಸೆಪಡುವ ಹಕ್ಕಿದೆಯೆಂದು ನಾನು ನಂಬುತ್ತೇನೆ. ಆದರೆ ತಂಡದ ಆಗಿನ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರೆ ಎಸೆದ ಚೆಂಡು ಮೊದಲ ಪಂದ್ಯಗಳಲ್ಲಿ ಅವನ ಬೆರಳಿನಿಂದ ಜಾರಿದರೆ, ನಾವು ಇಷ್ಟೇ ಪ್ರೀತಿಯಿಂದ ಕಾಯುತ್ತೇವೆಯೇ ಎಂಬ ಯೋಚನೆ ರಾತ್ರಿಯಿಡೀ ಕಾಡಿತು. ಆಗ ಅವನಿಗಿನ್ನೂ 21 ವರ್ಷ.

ಬೆಳಿಗ್ಗೆ ನೋಡಿದರೆ, ಹಿರಿಯರು ಅದೇ ಜೆರ್ಸಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು.