ಅಯುತ್ಥಯಾ: ಮೊದಲು ನದಿ, ಆಮೇಲೆ ದೇಗುಲ

ಬ್ಯಾಂಕಾಕ್‌ನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಸಾಮಾನ್ಯ ರೈಲಿನಲ್ಲಿ ಕೂತರೆ ಎರಡು ಗಂಟೆಯೊಳಗೆ ಸಯಾಮಿನ (ಈಗಿನ ಥಾಯ್ಲೆಂಡ್) ಹಳೆಯ ರಾಜಧಾನಿ ಅಯುತ್ಥಯಾ. ನಿಲ್ದಾಣ ಪಾಸಕ್ ನದಿಯ ಪೂರ್ವ ದಡದಲ್ಲಿದೆ. ಎದುರಿನ ರಸ್ತೆ ಹಿಡಿದು ನಡೆದರೆ ದೋಣಿ ಸಿಗುತ್ತದೆ, ಬಾಡಿಗೆ ಸೈಕಲ್ಲೂ ಅಲ್ಲೇ ಸುತ್ತಮುತ್ತ. ಬೇರಿನೊಳಗೆ ಸಿಕ್ಕ ಬುದ್ಧನ ತಲೆ ನೋಡಲು ಎಲ್ಲರೂ ನೇರ ವಾಟ್ ಮಹಾಥಾಟ್‌ಗೆ ಧಾವಿಸುತ್ತಾರೆ. ಈ ರಾಜಧಾನಿ ಯಾಕೆ ಬಿತ್ತು ಎಂದು ತಿಳಿಯಬೇಕಾದವರು ಮೊದಲು ಆಗ್ನೇಯ ಮೂಲೆಯ ಪೋಮ್ ಫೆಟ್ ಬುರುಜಿಗೆ ಹೋಗಬೇಕು.

ಪಾಸಕ್ ಅಲ್ಲಿ ಚಾವೊ ಫ್ರಯಾವನ್ನು ಕೂಡುತ್ತದೆ. ಉತ್ತರದ ಲೋಪ್‌ಬುರಿಯೂ ಸೇರಿ ಮೂರು ನದಿಗಳು ಊರನ್ನು ದ್ವೀಪವಾಗಿಸಿವೆ. ಸಯಾಮಿನವರು ನಂಬಿದ್ದು ಈ ನೀರನ್ನೇ: ಮಳೆಗಾಲದವರೆಗೆ ಕೋಟೆ ಬಾಗಿಲು ಹಾಕಿಕೊಂಡಿದ್ದರೆ ಸಾಕು, ಗದ್ದೆಗಳು ಮುಳುಗಿ ಶತ್ರು ತಾನೇ ಹೊರಡುತ್ತಾನೆ. (1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದಿಂದ ಹಿಂದೆ ಸರಿದದ್ದರಲ್ಲೂ ಮಳೆಯ ಪಾಲಿತ್ತು.) 1766ರಲ್ಲಿ ಬರ್ಮಾದವರು ಹೊರಡಲಿಲ್ಲ. ದೊರೆ ಸಿನ್‌ಬ್ಯುಶಿನ್‌ನ ಎರಡು ದಂಡುಗಳು, ಒಂದು ಉತ್ತರದಿಂದ, ಇನ್ನೊಂದು ದಕ್ಷಿಣ ಬರ್ಮಾದ ಕರಾವಳಿಯ ತವೋಯ್ ಕಡೆಯಿಂದ, ಬಂದು ಕೂಡಿದ್ದವು. ದಿಬ್ಬಗಳ ಮೇಲೆ ಠಾಣೆ ಕಟ್ಟಿ, ಒಡ್ಡು ಹಾಕಿ, ದೋಣಿ ಮಾಡಿಕೊಂಡು ಅವು ಪ್ರವಾಹವನ್ನು ಕಳೆದವು. ಒಳಗೆ ಜನ ಹಸಿದರು. ಸುಮಾರು ಹದಿನಾಲ್ಕು ತಿಂಗಳ ಮುತ್ತಿಗೆಯ ಕೊನೆಗೆ ಗೋಡೆಯಡಿ ಸುರಂಗ ತೋಡಿ ಬೆಂಕಿಯಿಟ್ಟರು. 1767ರ ಏಪ್ರಿಲ್ 7ರಂದು ನಗರ ಬಿತ್ತು.

ಅರಮನೆಯ ದೇಗುಲ ವಾಟ್ ಫ್ರಾ ಸಿ ಸನ್‌ಫೆಟ್‌ನಲ್ಲಿ ಮೂರು ಚೇದಿಗಳನ್ನಷ್ಟೇ (ಸ್ತೂಪಗಳು) ನೋಡಿ ಹೊರಡಬೇಡಿ. ಪೂರ್ವದ ಖಾಲಿ ಜಗಲಿಯ ಮೇಲೂ ನಿಲ್ಲಿ. ಅಲ್ಲಿ 16 ಮೀಟರ್ ಎತ್ತರದ, ಚಿನ್ನದ ಹೊದಿಕೆಯ ಬುದ್ಧನಿದ್ದ. ಬರ್ಮಾದವರು ಚಿನ್ನ ಕರಗಿಸಲು ಬೆಂಕಿಯಿಟ್ಟರು. ಉಳಿದ ಲೋಹದ ಮೈ ಈಗ ಬ್ಯಾಂಕಾಕ್‌ನ ವಾಟ್ ಪೋದ ಒಂದು ಚೇದಿಯೊಳಗಿದೆ. ವಿಗ್ರಹಕ್ಕಿಂತ ದೊಡ್ಡ ನಷ್ಟ ಮನುಷ್ಯರದು: ಕುಶಲಕರ್ಮಿಗಳೂ ರಾಜವಂಶದವರೂ ಸೇರಿ ಸಾವಿರಾರು ಜನರನ್ನು ಬರ್ಮಾಕ್ಕೆ ಸಾಗಿಸಿದರು. ಕಾನೂನಿನ ಹಸ್ತಪ್ರತಿಗಳು ಎಷ್ಟು ನಾಶವಾದವೆಂದರೆ, 1805ರಲ್ಲಿ ಬ್ಯಾಂಕಾಕ್‌ನ ದೊರೆ ಮೊದಲನೇ ರಾಮ ಕಾನೂನುಗಳನ್ನು ಹೊಸದಾಗಿ ಕ್ರೋಡೀಕರಿಸಬೇಕಾಯಿತು.

ಆದರೆ ಕಾಣುವ ಪಾಳೆಲ್ಲ ಬರ್ಮಾದವರ ಕೈಕೆಲಸವಲ್ಲ. ಇಲ್ಲಿನ ಇಟ್ಟಿಗೆಗಳನ್ನು ಬ್ಯಾಂಕಾಕ್ ಕಟ್ಟಲು ದೋಣಿಯಲ್ಲಿ ಒಯ್ದರು. ವಾಟ್ ರಾಚ್‌ಬುರಾಣದ ನೆಲಮಾಳಿಗೆಯ ಚಿನ್ನ 1767ರ ಲೂಟಿಯಲ್ಲಿ ಉಳಿದು, 1957ರಲ್ಲಿ ಕಳ್ಳರ ಪಾಲಾಯಿತು. ಅವರಿಂದ ತಪ್ಪಿಸಿಕೊಂಡದ್ದು ಚಾವೊ ಸಾಮ್ ಫ್ರಯಾ ಮ್ಯೂಸಿಯಮ್ಮಿನಲ್ಲಿದೆ. ಆ ಮಾಳಿಗೆಗೆ ಇಳಿಯುವ ಮೆಟ್ಟಿಲು ಬಹಳ ಕಡಿದು. ಮೊಣಕಾಲು ನೋವಿದ್ದವರು ಮ್ಯೂಸಿಯಂ ನೋಡಿದರೆ ಸಾಕು.

ಗೆದ್ದವರಿಗೂ ನಗರ ದಕ್ಕಲಿಲ್ಲ. ಅದೇ ಹೊತ್ತಿಗೆ ಚೀನಾದ ಚಿಂಗ್ ಸೈನ್ಯ ಬರ್ಮಾದ ಮೇಲೆ ಏರಿಬಂದಿತ್ತು. ದಂಡು ವಾಪಸಾಯಿತು, ಸಣ್ಣ ಕಾವಲುಪಡೆ ಉಳಿಯಿತು, ಅದನ್ನೂ ನವೆಂಬರ್‌ನಲ್ಲಿ ಸಯಾಮಿನ ಸೇನಾನಿ ತಾಕ್‌ಸಿನ್ ಸೋಲಿಸಿದ. ಬರ್ಮಾದ ಕೈಯಲ್ಲಿ ನಿಂತದ್ದು ತವೋಯ್ ಇರುವ ತೆನಸ್ಸೆರಿಮ್ ಕರಾವಳಿ. ಕೊನೆಗೆ ಅರಮನೆಯ ಉತ್ತರಕ್ಕೆ ನೀರು ದಾಟಿ ವಾಟ್ ನಾ ಫ್ರಾ ಮೆನ್‌ಗೆ ಹೋಗಿ. ಬರ್ಮಾದವರು ಠಾಣೆ ಹೂಡಿದ್ದರಿಂದ ಸುಡದೆ ಉಳಿದ ದೇಗುಲವದು. ಏಪ್ರಿಲ್ ಬಿಸಿಲು, ಅಕ್ಟೋಬರ್ ನೆರೆ ಎರಡನ್ನೂ ತಪ್ಪಿಸಿ, ಡಿಸೆಂಬರ್‌ನಲ್ಲಿ ಬನ್ನಿ.