ಹೀಟರ್ ತಣ್ಣಗೆ ಊದಿದಾಗ

ಕಾರಿನ ಹೀಟರ್ ತಣ್ಣಗೆ ಊದುತ್ತಿದೆ ಎಂದ ಕೂಡಲೇ ‘ಹೀಟರ್ ಕೋರ್ ಕಟ್ಟಿಕೊಂಡಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು’ ಎನ್ನುವವರೇ ಜಾಸ್ತಿ. ನನಗೂ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ಯಾಕೆಂದರೆ ಕಾರೇ ಒಂದು ಸುಳಿವು ಕೊಡುತ್ತಿತ್ತು. ನಿಂತಲ್ಲಿ ಬರೀ ತಣ್ಣನೆ ಗಾಳಿ. ಆಕ್ಸಿಲರೇಟರ್ ಒತ್ತಿ ಹೊರಟರೆ ಸ್ವಲ್ಪ ಹೊತ್ತು ಬೆಚ್ಚಗೆ. ಮತ್ತೆ ನಿಂತರೆ ಅದೇ ಚಳಿ.

ಪೆಟ್ರೋಲ್ ಕಾರಿನ ಹೀಟರ್‌ಗೆ ಬಿಸಿ ಕೊಡುವುದು ಎಂಜಿನ್. ಅಲ್ಲಿ ಕಾದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಎರಡು ರಬ್ಬರ್ ಪೈಪ್‌ಗಳ ಮೂಲಕ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ, ಹೋಗಿ ಬರುತ್ತದೆ. ಹಾಗಾಗಿ ನಾನು ಬಾನೆಟ್ ಎತ್ತಿ ಆ ಎರಡು ಪೈಪ್ ಮುಟ್ಟಿ ನೋಡಿದೆ. ಒಂದು ಬಿಸಿ, ಇನ್ನೊಂದು ಉಗುರುಬೆಚ್ಚಗೆ. ಎರಡೂ ಬಿಸಿ ಇದ್ದಿದ್ದರೆ ಗಾಳಿಯ ದಾರಿ ಬದಲಿಸುವ ಬ್ಲೆಂಡ್ ಡೋರ್ ಮೇಲೆ ಅನುಮಾನ ಪಡುತ್ತಿದ್ದೆ. ಒಳಗೆ ಕೂತವರು ಎಂಜಿನ್ ರೇಸ್ ಮಾಡಿದರೆ ಎರಡನೆಯದೂ ಕಾಯುತ್ತಿತ್ತು. ಅಂದರೆ ದಾರಿ ಪೂರ್ತಿ ಮುಚ್ಚಿಲ್ಲ, ಹರಿವು ಸಾಲುತ್ತಿಲ್ಲ. ಟೆಂಪರೇಚರ್ ಮುಳ್ಳು ಎಂದಿನ ಜಾಗದಲ್ಲೇ ಇತ್ತು. ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದ ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ ಮುಳ್ಳು ಕೆಳಗೇ ಉಳಿಯುತ್ತಿತ್ತು, ಇಲ್ಲವೇ ತೀರಾ ನಿಧಾನವಾಗಿ ಏರುತ್ತಿತ್ತು. ಕಾರಿನೊಳಗೆ ಕೂಲೆಂಟಿನ ಸಿಹಿ ವಾಸನೆಯಿಲ್ಲ, ಕಾರ್ಪೆಟ್ ಒಣಗಿದೆ. ಕೋರ್ ಸೋರುತ್ತಿಲ್ಲ ಅಂತ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲೆಂಟ್ ನೋಡಿದೆ. ರಿಸರ್ವ್ ಟ್ಯಾಂಕ್‌ನಲ್ಲಿ ಮಟ್ಟ ಸರಿಯಾಗೇ ಇತ್ತು. ಇಲ್ಲಿಗೇ ಬಿಟ್ಟುಬಿಡುವವರು ಬಹಳ ಜನ, ಅಲ್ವಾ? ನಾನು ರೇಡಿಯೇಟರ್ ಮುಚ್ಚಳವನ್ನೂ ತೆಗೆದೆ. (ಎಂಜಿನ್ ಬಿಸಿಯಿದ್ದಾಗ ದಯವಿಟ್ಟು ಇದನ್ನು ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ.) ಒಳಗೆ ಬೆರಳಿಟ್ಟರೆ ಕೂಲೆಂಟ್ ತಾಗಲೇ ಇಲ್ಲ.

ಎಂಜಿನ್ ತಣಿಯುವಾಗ ಒಳಗಿನ ಕೂಲೆಂಟ್ ಕುಗ್ಗುತ್ತದೆ. ಆಗ ರೇಡಿಯೇಟರ್ ತನಗೆ ಬೇಕಾದಷ್ಟನ್ನು ಟ್ಯಾಂಕ್‌ನಿಂದ ಎಳೆದುಕೊಳ್ಳಬೇಕು. ಎಲ್ಲಾದರೂ ಸಣ್ಣ ಸೋರಿಕೆ ಇದ್ದರೆ ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಟ್ಯಾಂಕ್ ತುಂಬಿರುತ್ತದೆ, ರೇಡಿಯೇಟರ್ ಖಾಲಿಯಾಗುತ್ತಾ ಹೋಗುತ್ತದೆ. ಆ ಗಾಳಿ ಹೀಟರ್ ಕೋರ್‌ಗೆ ಹೋಗಿ ಕೂರುತ್ತದೆ. ಆಕ್ಸಿಲರೇಟರ್ ಒತ್ತದೆ ಎಂಜಿನ್ ಐಡಲಿಂಗ್‌ನಲ್ಲಿರುವಾಗ ಅದನ್ನು ದಾಟಿಸುವಷ್ಟು ಬಲ ಕೂಲೆಂಟ್ ಓಡಿಸುವ ಪಂಪ್‌ಗೆ ಇರುವುದಿಲ್ಲ.

ಟಾರ್ಚ್ ಹಿಡಿದು ಹುಡುಕಿದೆ. ಹೀಟರ್ ಪೈಪ್ ಎಂಜಿನ್‌ಗೆ ಸೇರುವ ಕಡೆ, ಕ್ಲ್ಯಾಂಪ್ ಕೆಳಗೆ, ಕೂಲೆಂಟಿನ ಹಸಿರು ಕಲೆ ಒಣಗಿ ನಿಂತಿತ್ತು. ಅಂಚಿನಲ್ಲಿ ಬಿಳಿ ಪುಡಿ. ರಬ್ಬರ್ ತುದಿ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಬಿಸಿ ಎಂಜಿನ್ ಮೇಲೆ ಸೋರಿದ್ದು ಅಲ್ಲೇ ಆರಿಹೋಗುತ್ತಿತ್ತು.

ಪೈಪ್, ಕ್ಲ್ಯಾಂಪ್ ಎರಡನ್ನೂ ಬದಲಾಯಿಸಿದೆ. ಕಾರಿನ ಮೂತಿ ಎತ್ತರಕ್ಕೆ ಬರುವಂತೆ ಏರಿನಲ್ಲಿ ನಿಲ್ಲಿಸಿ, ಮುಚ್ಚಳ ತೆಗೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಸಮ ಬೆರೆಸಿ ತುಂಬಿದೆ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಓಡಲು ಬಿಟ್ಟೆ. ಮೊದಲು ಸಣ್ಣ ಸಣ್ಣ ಗುಳ್ಳೆ. ಆಮೇಲೆ ಗುಳಕ್ ಅಂತ ದೊಡ್ಡದೊಂದು ಬಂದು ಮಟ್ಟ ಸರ್ರನೆ ಇಳಿಯಿತು. ಮತ್ತೆ ತುಂಬಿದೆ. ಥರ್ಮೋಸ್ಟಾಟ್ ತೆರೆದು ಮೇಲಿನ ದಪ್ಪ ಪೈಪ್ ಕಾದಾಗ ಗುಳ್ಳೆ ನಿಂತಿತ್ತು. ಮುಚ್ಚಳ ಹಾಕಿ ಒಳಗೆ ಕೂತೆ. ಎಂಜಿನ್ ಸುಮ್ನೆ ಐಡಲಿಂಗ್‌ನಲ್ಲೇ ಇತ್ತು, ಕಾಲಿಗೆ ಬಿಸಿ ಗಾಳಿ ಬಡಿಯುತ್ತಿತ್ತು.

ಮುಂದಿನ ಬೆಳಿಗ್ಗೆ ಮತ್ತೆ ಮುಚ್ಚಳ ತೆಗೆದು ನೋಡಿದೆ. ಉಳಿದಿದ್ದ ಗಾಳಿ ಹೊರಬಂದು ಮಟ್ಟ ಒಂದಿಷ್ಟು ಇಳಿದಿತ್ತು. ಅದನ್ನು ತುಂಬಿದ ಮೇಲೆ ಇಳಿದಿಲ್ಲ.